ಜನರೊಡನಾಟಕ್ಕೊಂದು ಪ್ರಶಸ್ತಿ

ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಒಂದು ಹೊಸ ಬಗೆಯ ಪ್ರಶಸ್ತಿ ರೂಢಿಗೆ ಬಂದಿದೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಂಡನ್ನಿನ ಯುಸಿಎಲ್ ಮುಂತಾದೆಡೆ ಕುಲಪತಿಯ ಇಲ್ಲವೇ ಪ್ರೊವೊಸ್ಟರ ಹೆಸರಿನಲ್ಲಿ ಇದನ್ನು ಕೊಡುತ್ತಾ ಬಂದಿದ್ದಾರೆ. ಇದು ಸಲ್ಲುವುದು ಪ್ರಬಂಧ ಬರೆದದ್ದಕ್ಕಲ್ಲ, ಪೇಟೆಂಟ್ ಪಡೆದದ್ದಕ್ಕೂ ಅಲ್ಲ. ತನ್ನ ಸಂಶೋಧನೆಯನ್ನು ಜನರ ನಡುವೆ ಒಯ್ದು, ಅವರೊಡನೆ ಕುಳಿತು ಮಾತಾಡಿದವರಿಗೆ. ಕೇಳಲು ಹಿತವಾದ ಸುದ್ದಿಯೇ. ಆದರೆ ಕಥೆ ಬರೆಯುವ ನಮಗೊಂದು ದುರಭ್ಯಾಸವಿದೆ. ಯಾವ ಪಾತ್ರಕ್ಕೆ ಮಾತೇ ಕೊಟ್ಟಿಲ್ಲ ಎಂದು ಮೊದಲು ಹುಡುಕುತ್ತೇವೆ.

ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಬಿಡೋಣ. ವಿಜ್ಞಾನವನ್ನು ಜನರಿಗೆ ತಿಳಿಸುವುದು ವಿಜ್ಞಾನಿಯ ಕರ್ತವ್ಯ ಎಂದು ವಾಲ್ಟರ್ ಬೋಡ್ಮರ್ ನೇತೃತ್ವದ ಸಮಿತಿ ರಾಯಲ್ ಸೊಸೈಟಿಗೆ ವರದಿ ಕೊಟ್ಟದ್ದು 1985ರಲ್ಲಿ. ಎರಡು ದಶಕದ ಬಳಿಕ, 2006ರಲ್ಲಿ, ಅದೇ ಸೊಸೈಟಿ ವಿಜ್ಞಾನಿಗಳನ್ನು ಕೇಳಿನೋಡಿತು. ಶೇ. 64 ಮಂದಿ ಸಂಶೋಧನೆಗೇ ಸಮಯ ಸಾಲದು ಎಂದರು. ಹೀಗೆ ಜನರ ಬಳಿ ಹೋಗುವವರನ್ನು ಸಹೋದ್ಯೋಗಿಗಳು ಕೀಳಾಗಿ ಕಾಣುತ್ತಾರೆ ಎಂದವರು ಶೇ. 20. ಅಂಥ ವಾತಾವರಣದಲ್ಲಿ ಒಬ್ಬ ಕಿರಿಯ ಸಂಶೋಧಕಿ ತಲೆಯೆತ್ತಿ ನಿಲ್ಲಲು ಇಂಥ ಪ್ರಶಸ್ತಿ ನೆರವಾದರೆ ಅದನ್ನು ನಾವೇಕೆ ಜರೆಯಬೇಕು?

ನಮ್ಮ ತಕರಾರು ಲೆಕ್ಕದ ಬಗ್ಗೆ. 2014ರಲ್ಲಿ ಅಲ್ಲಿನ ಸರಕಾರಿ ಮೌಲ್ಯಮಾಪನವು ಸಮಾಜದ ಮೇಲೆ ಸಂಶೋಧನೆ ಬೀರಿದ ಪ್ರಭಾವಕ್ಕೆ ಶೇ. 20 ಅಂಕ ಇಟ್ಟಿತು. 2021ರಲ್ಲಿ ಅದು ಶೇ. 25 ಆಯಿತು. ಅಂಕದ ಹಿಂದೆ ಅನುದಾನವಿದೆ. ಮೊದಲ ಸಲವೇ ವಿಶ್ವವಿದ್ಯಾಲಯಗಳು ಸಲ್ಲಿಸಿದ ಪ್ರಭಾವದ ಕಥನಗಳು 6,975. ಒಡನಾಟ ಹಾಜರಿ ಪುಸ್ತಕಕ್ಕೆ ಬಂದಮೇಲೆ ಎಷ್ಟು ಜನ ಬಂದರು, ಎಷ್ಟು ಕಾರ್ಯಾಗಾರ ನಡೆಯಿತು ಎಂಬುದೇ ಮುಂದಾಗುತ್ತದೆ. ಅರ್ಜಿ ತುಂಬುವವರು ಸಂಶೋಧಕರೇ, ಕಥೆ ಹೇಳುವವರೂ ಅವರೇ.

ಬ್ರಾಡ್‌ಫರ್ಡ್ ನಗರವನ್ನು ನೋಡಿ. 2007ರಲ್ಲಿ ಅಲ್ಲಿ 'ಬಾರ್ನ್ ಇನ್ ಬ್ರಾಡ್‌ಫರ್ಡ್' ಎಂಬ ಅಧ್ಯಯನ ಆರಂಭವಾಯಿತು. ಸುಮಾರು 13,500 ಮಕ್ಕಳ ಬೆಳವಣಿಗೆಯನ್ನು ಹುಟ್ಟಿನಿಂದಲೇ ಗಮನಿಸುವ ಕೆಲಸ. ಕುಟುಂಬಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಪಾಕಿಸ್ತಾನಿ ಮೂಲದವು. ಚಿಕ್ಕಪ್ಪ, ದೊಡ್ಡಮ್ಮ, ಮಾವ, ಅತ್ತೆಯರ ಮಕ್ಕಳ ನಡುವಿನ ಮದುವೆಯಿಂದ ಜನ್ಮದತ್ತ ದೋಷದ ಸಾಧ್ಯತೆ ಶೇ. 3ರಿಂದ 6ಕ್ಕೆ, ಅಂದರೆ ಇಮ್ಮಡಿಯಾಗುತ್ತದೆ ಎಂದು 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಸಂಖ್ಯೆಯನ್ನು ಎರಡು ರೀತಿ ಓದಬಹುದು. ಒಂದು ಸಮುದಾಯವನ್ನು ಹೊಡೆಯುವ ಕೋಲಾಗಿ ಓದಬಹುದು. ಇಂಥ ಮದುವೆಯ ನೂರು ಮಕ್ಕಳಲ್ಲಿ ತೊಂಬತ್ತನಾಲ್ಕು ಮಕ್ಕಳಿಗೆ ಆ ದೋಷವಿಲ್ಲ, ಆದರೂ ಎಚ್ಚರ ಬೇಕು ಎಂದೂ ಓದಬಹುದು. ಎರಡನೆಯ ರೀತಿ ಮನೆಮನೆಗೆ ಮುಟ್ಟಬೇಕಾದರೆ ವರ್ಷಗಟ್ಟಲೆ ಒಡನಾಡಿದವರೇ ಹೇಳಬೇಕು. ಒಡನಾಟದ ನಿಜವಾದ ಬೆಲೆ ಇಲ್ಲಿದೆ.

ಸುಮಾರು ಒಂದು ದಶಕದ ಬಳಿಕ ನೋಡಿದಾಗ, ಅಧ್ಯಯನದ ಪಾಕಿಸ್ತಾನಿ ಮೂಲದ ತಾಯಂದಿರಲ್ಲಿ ರಕ್ತಸಂಬಂಧದ ಮದುವೆಯಾದವರ ಪ್ರಮಾಣ ಶೇ. 62ರಿಂದ 46ಕ್ಕೆ ಇಳಿದಿತ್ತು. ಯಾರಿಂದ ಇಳಿಯಿತು? ಹುಡುಗಿಯರು ಹೆಚ್ಚು ಓದಿದರು, ವಲಸೆಯ ಕಾನೂನು ಬಿಗಿಯಾಯಿತು, ಮನೆಯಲ್ಲಿ ಚರ್ಚೆ ನಡೆಯಿತು. ಅಕ್ಕನ ಮಗನ ಸಂಬಂಧಕ್ಕೆ ಅಡುಗೆಮನೆಯಲ್ಲಿ ನಿಂತು 'ಬೇಡ' ಎಂದ ತಾಯಿಗೆ, ಅಕ್ಕನ ಮುನಿಸನ್ನು ವರ್ಷಗಟ್ಟಲೆ ನುಂಗಿಕೊಂಡವಳಿಗೆ, ಯಾವ ಕುಲಪತಿ ಫಲಕ ಕೊಡುತ್ತಾರೆ? ಸಮುದಾಯದ ಪಾಲುದಾರರನ್ನೂ ಗೌರವಿಸುವ ರೂಢಿ ಕೆಲವೆಡೆ ಇದೆ, ನಿಜ. ಆದರೆ ಹೆಸರು ಸೂಚಿಸುವ ಕೈ ಸಾಮಾನ್ಯವಾಗಿ ವಿಶ್ವವಿದ್ಯಾಲಯದ್ದೇ.

ಇದನ್ನು ಬರೆಯುವಾಗ ನಮ್ಮ ಖಾಲಾ ನೆನಪಾಗುತ್ತಾರೆ. ಬೀಸುವ ಕಲ್ಲಿನ ಮುಂದೆ ಕೂತು ದಖನಿಯಲ್ಲಿ ಚಕ್ಕಿನಾಮಾ ಹಾಡುತ್ತಿದ್ದವರು. ನಾವು ಹೈಸ್ಕೂಲಿನಲ್ಲಿದ್ದಾಗ ಸಂಶೋಧಕರೊಬ್ಬರು ಟೇಪ್ ರೆಕಾರ್ಡರ್ ಹಿಡಿದು ಬಂದರು. ಖಾಲಾ ಎರಡು ದಿನ ಹಾಡಿದರು, ಮೂರು ಹೊತ್ತು ಚಹಾ ಕೊಟ್ಟರು. 'ಬೇಟಾ, ನನ್ನ ದನಿ ನನಗೂ ಒಮ್ಮೆ ಕೇಳಿಸು' ಎಂದಷ್ಟೇ ಕೇಳಿದ್ದರು. ಕ್ಯಾಸೆಟ್ಟಿನ ಪ್ರತಿ ಕಳಿಸುತ್ತೇನೆಂದು ಹೋದವರು ಮತ್ತೆ ಬರಲಿಲ್ಲ. ಅವರಿಗೆ ಪದವಿ ಸಿಕ್ಕಿತೆಂದು ಆಮೇಲೆ ಕೇಳಿದೆವು. ಖಾಲಾ ಈಗಿಲ್ಲ.

ಪ್ರಶಸ್ತಿಯ ಅರ್ಜಿಗೆ ಇನ್ನೊಂದು ಕಾಲಂ ಸೇರಿಸಲಿ ಎಂಬುದಷ್ಟೇ ನಮ್ಮ ಕೋರಿಕೆ. ಜನರಿಂದ ಕೊಂಡೊಯ್ದದ್ದನ್ನು ಯಾವ ದಿನ, ಅವರ ಯಾವ ಭಾಷೆಯಲ್ಲಿ ಮರಳಿಸಿದಿರಿ? ಆ ಉತ್ತರದ ಕೆಳಗಿನ ಸಹಿ ಸಂಶೋಧಕರದ್ದಾಗದೆ, ಚಹಾ ಕೊಟ್ಟವರದ್ದಾಗಿರಲಿ.