ಜೋಡಿ ಹಚ್ಚಿದವನ ಕೈಯಲ್ಲೇ ಅರ್ಧ ಕುಸ್ತಿ

ಅಖಾಡದ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ ಯಾವ ಹದದಲ್ಲಿ ಬೀಳಬೇಕೆಂದು ಈ ವಾರ ಬರೆಯುವುದಾಗಿ ಹೇಳಿದ್ದೆ. ಮಣ್ಣು ಎಲ್ಲಿಗೂ ಓಡಿಹೋಗುವುದಿಲ್ಲ, ಕಾಯಲಿ. ನಿಪ್ಪಾಣಿಯಿಂದ ಕಾಗವಾಡದ ತನಕ ದಾರಿಯುದ್ದಕ್ಕೂ ಜಾತ್ರೆ ಕುಸ್ತಿಯ ಬ್ಯಾನರುಗಳು ಎದ್ದಿವೆ. ಪ್ರತಿ ಬ್ಯಾನರಿನಲ್ಲೂ ಒಂದನೇ ನಂಬರಿನ ಜೋಡಿ ಆಳೆತ್ತರಕ್ಕೆ ನಿಂತಿದೆ: ಒಬ್ಬ ಹರಿಯಾಣದವನು, ಇನ್ನೊಬ್ಬ ಪಂಜಾಬಿನವನು, ಒಂದು ಕಡೆಯಂತೂ ಇರಾನಿನವನು. ಕಮಿಟಿಯವರ ಫೋಟೋಗಳು ಅದಕ್ಕಿಂತ ಒಂದು ಗೇಣು ಸಣ್ಣವು. ನಮ್ಮ ಐದು ತಾಲೂಕಿನ ಹುಡುಗರ ಹೆಸರು ಓದಬೇಕೆಂದರೆ ಬೈಕು ನಿಲ್ಲಿಸಿ, ಇಳಿದು, ಕನ್ನಡಕ ಹಾಕಿಕೊಂಡು ಹತ್ತಿರ ಹೋಗಬೇಕು. ಸಿಟ್ಟು ಬಂತು. ಆದ್ದರಿಂದ ಈ ವಾರ ಜೋಡಿಯ ಮಾತು.

ಒಂದೇ ತಾಲೀಮಿನ, ಅಂದರೆ ಒಂದೇ ಗರಡಿಯ, ಇಬ್ಬರು ಜಾತ್ರೆಯ ಕಣದಲ್ಲಿ ಪರಸ್ಪರ ಹಿಡಿಯುವುದಿಲ್ಲ. ಬೆಳಗಿನ ಜೋರಿನಲ್ಲಿ ಒಬ್ಬರ ಬೆವರು ಒಬ್ಬರಿಗೆ ಹತ್ತಿಸಿಕೊಂಡು ಬೆಳೆದವರನ್ನು ಹಣಕ್ಕಾಗಿ ಎದುರುಬದುರು ನಿಲ್ಲಿಸಲು ಯಾವ ವಸ್ತಾದನೂ ಒಪ್ಪುವುದಿಲ್ಲ. ಹಾಗಾಗಿ ಎದುರಾಳಿ ಹೊರಗಿನಿಂದಲೇ ಬರಬೇಕು. ಚಿಕ್ಕೋಡಿಯ ಹುಡುಗನಿಗೆ ರಾಯಬಾಗದವನು, ನಿಪ್ಪಾಣಿಯವನಿಗೆ ಕೊಲ್ಹಾಪುರದವನು, ಅಥಣಿ-ಕಾಗವಾಡದವರಿಗೆ ಮಿರಜ-ಸಾಂಗಲಿಯವರು. ನಮ್ಮ ಸೀಮೆಯ ಕುಸ್ತಿ ನಿಂತಿರುವುದು ಈ ಹುಡುಕಾಟದ ಮೇಲೆ. ಹೊರಗಿನವನು ಬೇಕೋ ಬೇಡವೋ ಎಂಬುದು ಪ್ರಶ್ನೆಯೇ ಅಲ್ಲ. ಎಂಥ ಹೊರಗಿನವನು, ಯಾರಿಗಾಗಿ, ಯಾವ ಕರಾರಿನ ಮೇಲೆ ಎಂಬುದೇ ಪ್ರಶ್ನೆ.

ಹಳೆಯ ವಸ್ತಾದರೊಬ್ಬರು ಜಾತ್ರೆ ಕಮಿಟಿಯ ಹುಡುಗನೊಂದಿಗೆ ಫೋನಿನಲ್ಲಿ ಮಾತಾಡುವುದನ್ನು ಪಕ್ಕದಲ್ಲಿ ಕೂತು ಕೇಳಿದ್ದೇನೆ.

‘ಕಾಕಾ, ಯಾರರ ಹೆಸರಿದ್ದವನ್ನ ಕೊಡ್ರಿ. ಜನಾ ಕೂಡಬೇಕು.’

‘ಜನಾ ಕೂಡತಾರಪಾ. ಜೋಡಿ ಕೂಡಬೇಕಲಾ?’

ಇಷ್ಟೇ. ನನ್ನ ಇಡೀ ಅಂಕಣ ಆ ಎರಡನೇ ಮಾತಿನ ಟೀಕೆ-ಟಿಪ್ಪಣಿ ಅಂದುಕೊಳ್ಳಿ.

ಜೋಡಿ ಹಚ್ಚುವುದರಲ್ಲಿ ಮೂರು ಕೆಟ್ಟ ಚಾಳಿಗಳಿವೆ. ಮೊದಲನೆಯದು ಹೆಸರು ಕೊಳ್ಳುವುದು. ಕಬ್ಬಿನ ಬಿಲ್ಲು ಬಂದ ತಿಂಗಳು ಕಮಿಟಿಯ ಕೈ ಸಡಿಲವಾಗಿರುತ್ತದೆ. ದೂರದ ಇಬ್ಬರು ದೊಡ್ಡವರನ್ನು ಕರೆಸಿ, ಅವರವರಲ್ಲೇ ಹಿಡಿಸಿ, ಗದೆ ಕೊಟ್ಟು, ರಾತ್ರಿಯ ಗಾಡಿ ಹತ್ತಿಸುತ್ತಾರೆ. ಊರಿನ ಹುಡುಗ ಆ ಹೊತ್ತು ಹಲಗಿ ಬಾರಿಸುವವರ ಹಿಂದೆ ನಿಂತು ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿರುತ್ತಾನೆ. ಎರಡನೆಯದು ಗೆಲುವು ಕೊಳ್ಳುವುದು. ಊರಿನ ಗೌಡರ ಮನೆತನದ ಪೈಲ್ವಾನನಿಗೆ ಸೋಲಾಗಬಾರದೆಂದು ಕೈಲಾಗದವನೊಬ್ಬನನ್ನು ಹುಡುಕಿ ತಂದು ಎದುರಿಗೆ ನಿಲ್ಲಿಸುವುದು. 2 ನಿಮಿಷದಲ್ಲಿ ಚಿತ್, ಪಟಾಕಿ, ಭಂಡಾರ, ಮೆರವಣಿಗೆ. ಗೆದ್ದವನು ಕಲಿಯಲಿಲ್ಲ, ಸೋತವನೂ ಕಲಿಯಲಿಲ್ಲ. ಮೂರನೆಯದರ ಹೆಸರು ಹೇಳುವುದೇ ಬೇಡ. ಇಬ್ಬರೂ ಮೊದಲೇ ಮಾತಾಡಿಕೊಂಡು ಕುತ್ತಿಗೆಗೆ ಕುತ್ತಿಗೆ ಕೊಟ್ಟು ಹೊತ್ತು ಕಳೆದು, ‘ಬರೋಬ್ಬರಿ’ ಎಂದು ಕೈ ಎತ್ತಿಸಿಕೊಂಡು, ಬಕ್ಷೀಸು ಹಂಚಿಕೊಂಡು ಹೋಗುವ ವ್ಯವಹಾರ ಅದು. ಸೋಲು-ಗೆಲುವು ತೀರ್ಮಾನವಾಗಲೇಬೇಕಾದ ನಿಕಾಲಿ ಕುಸ್ತಿ ಎಂದು ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚು ಹಾಕಿಸಿ ನಿಕಾಲಿಯನ್ನೇ ನುಂಗುವವರಿಗೆ ನಮ್ಮ ಪಂಚರು ಇನ್ನೂ ಜೋರು ಮಾಡಬೇಕು.

ನಮ್ಮಲ್ಲೇ ಹೀಗೆ ಎಂದು ಬೇಸರಪಡಬೇಡಿ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಈ ಜೋಡಿ ಹಚ್ಚುವ ಕೆಲಸ ಒಂದು ದೊಡ್ಡ ದಂಧೆ. ಅಲ್ಲಿನ ಕಾಲೇಜುಗಳು ಒಕ್ಕೂಟ ಕಟ್ಟಿಕೊಂಡಿವೆ. ವರ್ಷದ 12 ಪಂದ್ಯಗಳಲ್ಲಿ 8 ಅಥವಾ 9 ಒಕ್ಕೂಟದೊಳಗೇ ನಡೆಯುತ್ತವೆ. ಉಳಿದ ಮೂರೋ ನಾಲ್ಕೋ ಪಂದ್ಯಕ್ಕೆ ಹೊರಗಿನ ಎದುರಾಳಿಯನ್ನು ಕಾಲೇಜಿನವರೇ ಹುಡುಕಿಕೊಳ್ಳಬೇಕು. ಅದಕ್ಕೆ ಕರಾರುಪತ್ರ ಇರುತ್ತದೆ, ಕೆಲವು ಸಲ ವರ್ಷಗಟ್ಟಲೆ ಮುಂಚೆಯೇ. ಒಂದು ಬಗೆಯ ಕರಾರು ನನಗೆ ಬಹಳ ಮೆಚ್ಚುಗೆ: ಈ ವರ್ಷ ನೀವು ನಮ್ಮೂರಿಗೆ, ಇನ್ನೊಂದು ವರ್ಷ ನಾವು ನಿಮ್ಮೂರಿಗೆ. ಇನ್ನೊಂದು ಬಗೆ ನಮ್ಮ ಎರಡನೇ ಚಾಳಿಯ ಅಣ್ಣ. ದೊಡ್ಡ ಕಾಲೇಜು ಸಣ್ಣ ಕಾಲೇಜಿಗೆ ಖಾತ್ರಿ ಹಣ ಕೊಟ್ಟು ತನ್ನ ಮೈದಾನಕ್ಕೆ ಕರೆಸುತ್ತದೆ, ಗೆಲ್ಲುತ್ತದೆ, ಟಿಕೆಟು ಮಾರುತ್ತದೆ. ಸಣ್ಣದು ಸೋತು, ಹಣ ತೆಗೆದುಕೊಂಡು ತನ್ನ ಆಟದ ಖರ್ಚು ನೀಗಿಸಿಕೊಳ್ಳುತ್ತದೆ. ಖುರಾಕಿನ ಹಣಕ್ಕಾಗಿ ಮೇಲಿನವನ ಕೈಗೆ ಬೀಳುವ ನಮ್ಮ ಬಡ ಪೈಲ್ವಾನನ ಕತೆಯೂ ಇದೇ ಅಲ್ಲವೇ?

ಆದರೆ ಖಾತ್ರಿ ಎನ್ನುವುದು ಕಣದಲ್ಲಿ ನಡೆಯುವುದಿಲ್ಲ. 2007ರ ಸೆಪ್ಟೆಂಬರ್ 1ರಂದು ದೇಶದಲ್ಲೇ 5ನೇ ಸ್ಥಾನದಲ್ಲಿದ್ದ ಮಿಶಿಗನ್, ಕೆಳದರ್ಜೆಯ ಅಪಲೇಚಿಯನ್ ಸ್ಟೇಟ್ ತಂಡಕ್ಕೆ 4 ಲಕ್ಷ ಡಾಲರ್ ಕೊಟ್ಟು ಮನೆಗೆ ಕರೆಸಿಕೊಂಡಿತ್ತು. ಲಕ್ಷಕ್ಕೂ ಹೆಚ್ಚು ಜನ ಕೂತು ನೋಡುತ್ತಿದ್ದಂತೆ ಬಂದವರು 34-32ರಿಂದ ಗೆದ್ದರು, ಹಣವನ್ನೂ ಒಯ್ದರು. ಮಿಶಿಗನ್ನಿನವರ ಒಂದು ಗುಣ ಮಾತ್ರ ಒಪ್ಪಬೇಕು. ಬಾಗಿಲು ಹಾಕಿಕೊಳ್ಳದೆ 2014ರಲ್ಲಿ ಅದೇ ಎದುರಾಳಿಯನ್ನು ಮತ್ತೆ ಕರೆಸಿ, ಆಡಿ, 52-14ರಿಂದ ಲೆಕ್ಕ ಚುಕ್ತಾ ಮಾಡಿದರು. ನಮ್ಮ ಎಷ್ಟು ಕಮಿಟಿಗಳಿಗೆ, ಎಷ್ಟು ಪೈಲ್ವಾನರಿಗೆ ಸೋತ ಜೋಡಿಯನ್ನೇ ಮತ್ತೆ ಕೇಳುವ ಎದೆ ಇದೆ?

ಮರುಕುಸ್ತಿ ಎಂದಾಗ ಗಾಮಾ ಪೈಲ್ವಾನನ ಕತೆ ಹೇಳದೆ ನನಗೆ ಮುಂದೆ ಹೋಗಲಾಗುವುದಿಲ್ಲ. ಎಷ್ಟನೇ ಸಲ ಎಂದು ಗೊಣಗುವವರು ಈ ಪ್ಯಾರಾ ದಾಟಿ ಹೋಗಬಹುದು. 1910ರಲ್ಲಿ ಗಾಮಾ ಲಂಡನ್ನಿಗೆ ಹೋದ. ಎತ್ತರ ಸಾಲದೆಂದು ಅಲ್ಲಿನ ಪಂದ್ಯಾವಳಿಯವರು ಸೇರಿಸಿಕೊಳ್ಳಲಿಲ್ಲವಂತೆ. ಜೋಡಿಯೇ ಸಿಗದವನು ಏನು ಮಾಡಬೇಕು? ಯಾವ ತೂಕದವರಾದರೂ ಸರಿ, 30 ನಿಮಿಷದಲ್ಲಿ ಮೂವರನ್ನು ಕೆಡವುತ್ತೇನೆಂದು ಸವಾಲು ಹಾಕಿದ. ಕೊನೆಗೆ ಅಮೆರಿಕದ ಡಾಕ್ಟರ್ ರೋಲರ್ ಸವಾಲು ಒಪ್ಪಿದ, ಎರಡು ಸಲ ನೆಲ ಕಂಡ. ಆಗ ಪೋಲೆಂಡಿನ ದೈತ್ಯ ಜಿಬಿಸ್ಕೊನೊಂದಿಗೆ ಜೋಡಿ ಕೂಡಿತು. ಸೆಪ್ಟೆಂಬರ್ 10ರಂದು ಹಿಡಿದರು. ಜಿಬಿಸ್ಕೊ ಒಂದೆರಡು ನಿಮಿಷದಲ್ಲೇ ಗಾಮಾನ ಅಳತೆ ತಿಳಿದುಕೊಂಡು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದವನು ಎರಡೂವರೆ ತಾಸಿಗೂ ಮೇಲ್ಪಟ್ಟು ಏಳಲೇ ಇಲ್ಲ. ಫಲಿತಾಂಶ ಇಲ್ಲ. ವಾರ ಬಿಟ್ಟು 17ಕ್ಕೆ ಮರುಕುಸ್ತಿ ಗೊತ್ತಾಯಿತು, ಆತ ಬರಲಿಲ್ಲ. ಗಾಮಾ ಮರೆಯಲಿಲ್ಲ. 18 ವರ್ಷ ಕಳೆದ ಮೇಲೆ, 1928ರಲ್ಲಿ, ಪಟಿಯಾಲಾದ ಮಣ್ಣಿನಲ್ಲಿ ಅದೇ ಜೋಡಿ ಮತ್ತೆ ಕೂಡಿತು. ಒಂದು ನಿಮಿಷವೂ ತುಂಬುವ ಮೊದಲೇ ಜಿಬಿಸ್ಕೊ ಆಕಾಶ ನೋಡುತ್ತಿದ್ದ. ಜೋಡಿ ಸರಿಯಿದ್ದೂ ಒಬ್ಬನು ಸೋಲದಿರಲು ಮಾತ್ರ ಬಂದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ ಸಾಕ್ಷಿ. ಅದೇ ಜೋಡಿಯನ್ನು ಬಿಡದೆ ಬೆನ್ನು ಹತ್ತಿದರೆ ಏನಾಗುತ್ತದೆ ಎಂಬುದಕ್ಕೆ ಪಟಿಯಾಲಾ.

ಇನ್ನು ಬ್ಯಾನರ್ ಪಂಥದವರಿಗೆ ಬರುತ್ತೇನೆ. ಅವರ ಹತ್ತಿರ ನನ್ನ ವಿರುದ್ಧ ಒಂದು ಗಟ್ಟಿ ಡಾವು ಇದೆ. ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಖಾಸಬಾಗ ಮೈದಾನ ಕಟ್ಟಿಸಿ 1912ರಲ್ಲಿ ತೆರೆದಾಗ ಮೊದಲ ದೊಡ್ಡ ಜೋಡಿ ಯಾರದು? ಗಾಮಾನ ತಮ್ಮ ಇಮಾಮ್ ಬಕ್ಷ ಮತ್ತು ಗುಲಾಮ್ ಮೊಹಿದ್ದೀನ್. ಇಬ್ಬರೂ ಉತ್ತರದವರು. ಮಹಾರಾಜರೇ ಹೊರಗಿನವರನ್ನು ತಂದರು, ನಾವು ತಂದರೆ ಏನು ತಪ್ಪು ಎನ್ನುತ್ತಾರೆ.

ತಪ್ಪು ಎಲ್ಲಿದೆ ಹೇಳುತ್ತೇನೆ. ಶಾಹೂ ಮಹಾರಾಜರು ಉತ್ತರದ ಮಲ್ಲರನ್ನು ಒಂದು ಸಂಜೆಗೆ ಕರೆಸಿ ಕೈ ತೊಳೆದುಕೊಂಡವರಲ್ಲ. ಅವರಿಗೆ ಆಶ್ರಯ ಕೊಟ್ಟು, ಖುರಾಕು ಕೊಟ್ಟು ಕೊಲ್ಹಾಪುರದಲ್ಲಿ ಇರಿಸಿಕೊಂಡರು. ಊರಿನ ಹುಡುಗರು ದಿನ ಬೆಳಗಾದರೆ ಅವರ ಕೈಗೆ ಸಿಕ್ಕಿ, ಬಿದ್ದು, ಎದ್ದು, ಡಾವು ಕದ್ದು ದೊಡ್ಡವರಾದರು. ಕೊಲ್ಹಾಪುರದ ತಾಲೀಮುಗಳ ಹೆಸರು ದೇಶಕ್ಕೆಲ್ಲ ಹಬ್ಬಿದ್ದು ಹೀಗೆ. ನಮ್ಮ ಕಮಿಟಿಗಳು ಇರಾನಿನವನನ್ನು ಕರೆಸಲಿ, ಸಂತೋಷ. ಜಾತ್ರೆಯ ಮುಂಚೆ ಎಂಟು ದಿನ ಅವನು ನಮ್ಮ ತಾಲೀಮಿನಲ್ಲಿ ಹುಡುಗರೊಂದಿಗೆ ಜೋರು ಮಾಡಲಿ. ಆಗ ನಾನೇ ಅವನ ಕೊರಳಿಗೆ ಹಾರ ಹಾಕುತ್ತೇನೆ.

ಹೊರಗಿನ ಎದುರಾಳಿ ಒಬ್ಬ ಹುಡುಗನನ್ನು ಎಲ್ಲಿಗೆ ಮುಟ್ಟಿಸಬಹುದು ಎಂಬುದಕ್ಕೆ ನಮಗೆ ಬೇರೆ ಊರಿನ ಉದಾಹರಣೆ ಬೇಕಿಲ್ಲ. ಚಿಕ್ಕೋಡಿ ತಾಲೂಕಿನ ಎಕ್ಸಂಬಾ ಸಾಕು. ಶ್ರೀಪತಿ ಖಂಚನಾಳೆ ಅಲ್ಲಿಯವರು. 1956ರಲ್ಲಿ ನಮ್ಮ ಸೀಮೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಆದರೆ ಪೈಲ್ವಾನನ ದಾರಿ ಮೊದಲಿನ ಹಾಗೆ ಕೊಲ್ಹಾಪುರಕ್ಕೇ ಇತ್ತು. ಶಾಹೂಪುರಿ ತಾಲೀಮಿನಲ್ಲಿ ಪಳಗಿದ ಅವರು 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗನನ್ನು ಕೆಡವಿ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಗಡಿಯ ಎರಡೂ ಕಡೆಯ ತಾಲೀಮುಗಳು ಅವರು ನಮ್ಮವರೆಂದೇ ಅತ್ತವು. ಎಕ್ಸಂಬಾದ ಹುಡುಗ ಎಕ್ಸಂಬಾದ ಸುತ್ತಲಿನವರನ್ನಷ್ಟೇ ಹಿಡಿಯುತ್ತ ಉಳಿದಿದ್ದರೆ ಹತ್ತು ಹಳ್ಳಿಗೆ ದೊಡ್ಡ ಪೈಲ್ವಾನನಾಗುತ್ತಿದ್ದ. ಮೊದಲ ವರ್ಷವೇ ಅವನನ್ನು ಪಂಜಾಬಿನವನ ಎದುರಿಗೆ ದೂಡಿದ್ದರೆ ಮೂಳೆ ಮುರಿದುಕೊಂಡು ಊರಿಗೆ ಮರಳುತ್ತಿದ್ದ. ಸಣ್ಣ ಕರುವನ್ನು ದೊಡ್ಡ ಎತ್ತಿಗೆ ಜೋಡಿ ಮಾಡಿ ನೊಗ ಇಟ್ಟರೆ ನೇಗಿಲೂ ನಡೆಯುವುದಿಲ್ಲ, ಕರುವೂ ಉಳಿಯುವುದಿಲ್ಲ. ಒಂದು ಮೆಟ್ಟಿಲು ಮೇಲಿನವನು, ಮತ್ತೆ ಒಂದು ಮೆಟ್ಟಿಲು ಮೇಲಿನವನು: ಒಳ್ಳೆಯ ವಸ್ತಾದನಿಗೆ ಗೊತ್ತಿರುವ ಗಣಿತ ಇದೊಂದೇ.

ಮಣ್ಣಿಗಿಂತ ಮ್ಯಾಟೇ ಮೇಲೆನ್ನುವ ಪಂಥದವರು ಇಲ್ಲಿ ಬಾಯಿ ಹಾಕುತ್ತಾರೆ. ತೂಕದ ಯಂತ್ರ ಇಡಿ, ಚೀಟಿ ಎತ್ತಿ, ಜೋಡಿ ಸಿದ್ಧ, ಇದಕ್ಕೆ ವಸ್ತಾದನ ಕಣ್ಣು ಯಾಕೆ? 70 ಕಿಲೋದಲ್ಲಿ 18ರ ಹುಡುಗನೂ ತೂಗುತ್ತಾನೆ, 30ರ ಪಳಗಿದವನೂ ತೂಗುತ್ತಾನೆ. ದಮ್ಮು ಎಷ್ಟಿದೆ, ಕುತ್ತಿಗೆ ಎಷ್ಟು ಗಟ್ಟಿ, ಹೋದ ತಿಂಗಳ ಮೊಣಕಾಲು ನೋವು ಹೋಯಿತೋ ಇಲ್ಲವೋ ಎಂಬುದು ಯಂತ್ರದಲ್ಲಿ ಕಾಣುವುದಿಲ್ಲ. ಇದನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ತಿಳಿದಿದ್ದ. ಅವನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ಮೂರನ್ನೂ ನೋಡಿ ಅಲ್ಲಿ ವಿಂಗಡಿಸಿದ್ದಾನೆ. ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಕೊಡುವುದು ಅರಸನ ಹೊಣೆ ಎಂದೂ ಇದೆ. ಖುರಾಕಿನ ಖರ್ಚು ಮೊದಲು, ಕಣದ ಮೋಜು ಆಮೇಲೆ. ಬ್ಯಾನರಿನ ಖರ್ಚಿನ ಮಾತು ಅರಸ ಎತ್ತಿಲ್ಲ.

ಈಗ ನಮ್ಮ ಕಡೆಯವರು ಮುಖ ಗಂಟಿಕ್ಕುವಂಥ ಮಾತು. ಜೋಡಿಯ ವಿಷಯದಲ್ಲಿ ಮೈಸೂರಿನವರು ನಮಗಿಂತ ಒಂದು ಹೆಜ್ಜೆ ಮುಂದಿದ್ದಾರೆ. ಅವರ ನಾಡಕುಸ್ತಿಯ ಬಗ್ಗೆ ಕೊಲ್ಹಾಪುರದ ದಾರಿಯ ನಾವು ಮೂಗು ಮುರಿಯುವುದು ಹಳೆಯ ರೂಢಿ. ಆದರೆ ದಸರಾ ಕುಸ್ತಿಯ ಮುಂಚೆ ಅಲ್ಲಿ ಜೋಡಿ ಕಟ್ಟುವುದೇ ಒಂದು ಕಾರ್ಯಕ್ರಮ. ಪೈಲ್ವಾನರು ಬರುತ್ತಾರೆ, ಎದುರುಬದುರು ನಿಲ್ಲುತ್ತಾರೆ, ಹಿರಿಯರು ನೋಡುತ್ತಾರೆ, ಜೋಡಿ ಎಲ್ಲರ ಮುಂದೆ ಗೊತ್ತಾಗುತ್ತದೆ. ಮರುದಿನ ಪತ್ರಿಕೆಯಲ್ಲೂ ಬರುತ್ತದೆ. ನಮ್ಮಲ್ಲಿ ಸಣ್ಣ ಹುಡುಗರ ಕುಸ್ತಿಗೆ ಮಾತ್ರ ಈ ನ್ಯಾಯ. ಜಾತ್ರೆಯ ದಿನ ಕಣದಲ್ಲೇ ಹೆಗಲಿಗೆ ಹೆಗಲು ಹಚ್ಚಿ ನಿಲ್ಲಿಸಿ ಪಂಚರು ಜೋಡಿ ಮಾಡುತ್ತಾರೆ. ಜನರೂ ‘ಇಂವಾ ದೊಡ್ಡಾಂವ ಆಗ್ತಾನ್ರೀ, ಬ್ಯಾರೇದಾಂವನ್ನ ತರ್ರೀ’ ಎಂದು ಕೂಗಿ ತಿದ್ದುತ್ತಾರೆ. ದೊಡ್ಡ ನಂಬರಿನ ಕುಸ್ತಿ ಬಂತೆಂದರೆ ಎಲ್ಲ ಫೋನಿನಲ್ಲಿ, ಬಾಗಿಲು ಹಾಕಿಕೊಂಡು.

ಚಿಂಚಲಿ ಮಾಯಕ್ಕನ ಜಾತ್ರೆ ಮುಗಿದರೆ ಮಳೆಗಾಲದ ತನಕ ಊರೂರಿಗೂ ಜಾತ್ರೆ. ಇನ್ನೂ ಹೊತ್ತಿದೆ. ಐದು ತಾಲೂಕಿನ ಕಮಿಟಿಯವರೇ, ಅಣ್ಣಗಳಿರಾ, ಮೂರು ಮಾತು ಕೇಳಿ. ಜಾತ್ರೆಗೆ 15 ದಿನ ಮುಂಚೆ ತಾಲೀಮುಗಳ ವಸ್ತಾದರನ್ನು ಒಂದು ಕಟ್ಟೆಗೆ ಕೂಡಿಸಿ, ಹುಡುಗರನ್ನು ನಿಲ್ಲಿಸಿ, ಮೊದಲ ಐದು ನಂಬರಿನ ಜೋಡಿಗಳನ್ನು ಬಹಿರಂಗವಾಗಿ ಹಚ್ಚಿರಿ. ಒಂದನೇ ನಂಬರಿಗೆ ಹೊರಗಿನವನನ್ನು ಕರೆಸುವುದಾದರೆ ಎದುರಿಗೆ ನಮ್ಮ ಸೀಮೆಯವನೇ ಇರಲಿ, ಅವನಿಗಿಂತ ಒಂದೇ ಮೆಟ್ಟಿಲು ಕೆಳಗಿನವನು. ಕೊನೆಯದಾಗಿ, ಮರುಕುಸ್ತಿಯ ಕರಾರನ್ನು ಹ್ಯಾಂಡ್‌ಬಿಲ್ಲಿನಲ್ಲೇ ಅಚ್ಚು ಹಾಕಿಸಿರಿ: ಈ ವರ್ಷ ನಮ್ಮ ಜಾತ್ರೆಯಲ್ಲಿ, ಬರುವ ವರ್ಷ ಅವನ ಊರಿನಲ್ಲಿ, ಇದೇ ಜೋಡಿ. ನಮ್ಮ ಹುಡುಗ ಸೋತರೆ ಸೋಲಲಿ. ಬರುವ ವರ್ಷದ ಬ್ಯಾನರಿನಲ್ಲಿ ಸೋತವನ ಹೆಸರು ಗೆದ್ದವನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕಾಗುತ್ತದೆ. ಜನ ಕೂಡುವುದು ಹೇಗೆ ಎಂದು ಆಮೇಲೆ ಯಾರೂ ನನ್ನನ್ನು ಕೇಳಲು ಬರುವುದಿಲ್ಲ.