ಡಾಲ್ಡಾ ಮೈಸೂರುಪಾಕದ ಮೇಲೊಂದು ತಕರಾರು

ಕೆನಡಾದ ಒಂಟಾರಿಯೊದಲ್ಲಿರುವ ವುಡ್‌ಬ್ರಿಡ್ಜ್ ಸುತ್ತಮುತ್ತಲ ಕನ್ನಡ ಮನೆಗಳಲ್ಲಿ ದೀಪಾವಳಿ ಊಟ ಮುಗಿದು ಎಲೆ ಅಡಿಕೆಗೆ ಕೂತಾಗ ಒಂದು ಮಾತು ಬಂದೇ ಬರುತ್ತದೆ: ತುಪ್ಪದ ಮೈಸೂರುಪಾಕ ಚೆನ್ನ, ಒಪ್ಪೋಣ, ಆದರೆ ನಮ್ಮೂರ ಮದುವೆಗಳಲ್ಲಿ ಡಾಲ್ಡಾ ಹಾಕಿ ಮಾಡುತ್ತಿದ್ದರಲ್ಲ, ಆ ಗರಿಗರಿ ಇದಕ್ಕೆಲ್ಲಿಂದ ಬರಬೇಕು! ಹೇಳುವವರು ಸಾಮಾನ್ಯವಾಗಿ ಐವತ್ತು ದಾಟಿದವರು. ಅವರ ನೆನಪಿನ ಮೇಲೆ ನನಗೆ ಗೌರವವಿದೆ, ನಾಲಗೆಯ ಮೇಲೆ ಅಷ್ಟಿಲ್ಲ. ಡಾಲ್ಡಾ ಎಂಬ ವನಸ್ಪತಿಗೆ ಸಲ್ಲುತ್ತಿರುವ ಈ ಹೊಗಳಿಕೆ ಅದು ದುಡಿದು ಗಳಿಸಿದ್ದಲ್ಲ.

ಚರಿತ್ರೆ ಎಲ್ಲರಿಗೂ ಗೊತ್ತಿರುವುದೇ. ವಿಲ್ಹೆಲ್ಮ್ ನಾರ್ಮನ್ ಎಂಬ ಜರ್ಮನ್ 1902ರಲ್ಲಿ ಪೇಟೆಂಟ್ ಪಡೆದ. ನಿಕ್ಕಲ್ ಪುಡಿಯ ನೆರವಿನಿಂದ ಬಿಸಿ ಎಣ್ಣೆಗೆ ಜಲಜನಕ ಹಿಡಿಸಿ ಗಟ್ಟಿ ಮಾಡುವ ವಿದ್ಯೆ ಅದು. 1937ರಲ್ಲಿ ಡಾಲ್ಡಾ ಬಂತು, ತಾಳೆಮರದ ಚಿತ್ರದ ಹಳದಿ ಡಬ್ಬಿ ಬಂತು, ಖಾಲಿ ಡಬ್ಬಿಯಲ್ಲಿ ತುಳಸಿಗಿಡ ಬಂತು. ಅಲ್ಲಿಗೆ ಬಿಡೋಣ.

ನೋಡಬೇಕಾದದ್ದು ಬಾಣಲೆಯನ್ನು. ಮೈಸೂರುಪಾಕದಲ್ಲಿ ನಿಜಕ್ಕೂ ನಡೆಯುವುದೇನು? ಎಳೆಪಾಕಕ್ಕೆ ಕಡಲೆಹಿಟ್ಟು ಬೀಳುತ್ತದೆ. ಪಕ್ಕದ ಒಲೆಯ ಮೇಲೆ ಕಾದ ಜಿಡ್ಡನ್ನು ಸೌಟು ಸೌಟಾಗಿ ಅದರ ಮೇಲೆ ಸುರಿಯುತ್ತಾರೆ. ಸುರಿದೊಡನೆ ಚುರ್ ಎನ್ನುತ್ತದಲ್ಲ, ಇಡೀ ಕಸುಬು ಆ ಸದ್ದಿನಲ್ಲಿದೆ. ಪಾಕದಲ್ಲಿ ಉಳಿದ ನೀರು ನೂರು ಡಿಗ್ರಿ ಮೀರಿದ ಜಿಡ್ಡಿಗೆ ತಾಗಿ ಒಮ್ಮೆಲೇ ಆವಿಯಾಗುತ್ತದೆ. ಆವಿ ಹೊರಡುವ ದಾರಿಯಲ್ಲಿ ಹಿಟ್ಟು ಗೂಡುಗೂಡಾಗುತ್ತದೆ. ಸಕ್ಕರೆ ಬಿಗಿದು ಆ ಗೂಡುಗಳನ್ನು ಹಿಡಿದು ನಿಲ್ಲಿಸುತ್ತದೆ. ಇದರಲ್ಲಿ ವನಸ್ಪತಿಯದೇ ಎನ್ನುವ ಪಾತ್ರ ಎಲ್ಲಿದೆ? ತುಪ್ಪವನ್ನು ಅದೇ ಬಿಸಿಗೆ ಏರಿಸಿ ಅದೇ ಕೈಯಿಂದ ಸುರಿದರೆ ಅದೇ ಗೂಡು ಕಟ್ಟುತ್ತದೆ. ಮದುವೆಮನೆಯ ಅಡಿಗೆಭಟ್ಟರು ಸೌದೆ ಒಲೆಯ ಉರಿಯಲ್ಲಿ ಜಿಡ್ಡನ್ನು ಹೊಗೆಯಾಡುವ ತನಕ ಕಾಯಿಸುತ್ತಿದ್ದರು, ಕೈಬಿಚ್ಚಿ ಸುರಿಯುತ್ತಿದ್ದರು. ಡಾಲ್ಡಾ ಅಗ್ಗವಾಗಿದ್ದರಿಂದ ಕೈ ಬಿಚ್ಚಿತ್ತು. ಇಲ್ಲಿ ನಾವು ದುಬಾರಿ ತುಪ್ಪವನ್ನು ಚಮಚದಲ್ಲಿ ಅಳೆದು, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಹುಯ್ದು, ಗರಿಗರಿ ಬರಲಿಲ್ಲವೆಂದು ತುಪ್ಪವನ್ನು ದೂರುತ್ತೇವೆ.

ಇನ್ನು ಬಾಯಿಗೆ ಬಂದ ಮೇಲಿನ ಕಥೆ. ಎಣ್ಣೆಯಲ್ಲಿ ಸಾಮಾನ್ಯವಾದ ಒಲಿಯಿಕ್ ಆಮ್ಲ ಸುಮಾರು 13 ಡಿಗ್ರಿಯಲ್ಲೇ ಕರಗುತ್ತದೆ. ಅದರ ಸರಪಳಿ ನಡುವೆ ಬಾಗಿರುತ್ತದೆ, ಒತ್ತೊತ್ತಾಗಿ ಜೋಡಿಸಲಾಗದು. ಜಲಜನಕವನ್ನು ಪೂರ್ತಿ ತುಂಬಿದರೆ ಅದು ಸ್ಟಿಯರಿಕ್ ಆಮ್ಲವಾಗಿ ಸುಮಾರು 69ಕ್ಕೆ ಹೋಗುತ್ತದೆ. ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದಾಗ ಒಂದಷ್ಟು ಸರಪಳಿಗಳು ಜಲಜನಕವನ್ನೂ ಹಿಡಿಯದೆ, ಹಳೆಯ ಬಾಗನ್ನೂ ಉಳಿಸಿಕೊಳ್ಳದೆ ನೆಟ್ಟಗಾಗಿಬಿಡುತ್ತವೆ. ಅದೇ ಎಲೈಡಿಕ್ ಆಮ್ಲ, ಅದೇ ಟ್ರಾನ್ಸ್ ಕೊಬ್ಬು. ಕರಗುವುದು ಸುಮಾರು 44ರಲ್ಲಿ. ಒಲಿಯಿಕ್‌ಗೆ ಹೋಲಿಸಿದರೆ ಅಣುವಿನಲ್ಲಿ ಒಂದು ಪರಮಾಣು ಹೆಚ್ಚಿಲ್ಲ, ಕಡಿಮೆಯಿಲ್ಲ, ಆಕಾರ ಮಾತ್ರ ಬೇರೆ. ಇವೆಲ್ಲ ಬೆರೆತ ವನಸ್ಪತಿಯ ಕರಗುವ ಬಿಂದು 41 ಡಿಗ್ರಿವರೆಗೂ ಇರಬಹುದೆಂದು ಭಾರತದ ನಿಯಮವೇ ಒಪ್ಪಿತ್ತು. ಬಾಯಿಯ ಬಿಸಿ 37. ಉಳಿದ ಲೆಕ್ಕ ಅಂಗುಳಿಗೇ ಗೊತ್ತಾಗುತ್ತದೆ: ಕಾಫಿ ಕುಡಿದರೂ ಹೋಗದ ಆ ಮೇಣದ ಪದರ. ತುಪ್ಪ 35ರ ಆಸುಪಾಸಿನಲ್ಲೇ ನೀರಾಗಿ ತನ್ನ ಪರಿಮಳವನ್ನು ಬಿಟ್ಟುಕೊಡುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಅಂಗಡಿಯ ತಟ್ಟೆಯ ಮೇಲೆ ಸಿಹಿ ಬೆವರದಿರಲಿ ಎಂದು ಆ ಗಟ್ಟಿತನ ಬೇಕಾಗಿತ್ತು. ಮನೆಯೊಳಗೆ 21 ಡಿಗ್ರಿ, ಹೊರಗೆ ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗಿರುವ ವುಡ್‌ಬ್ರಿಡ್ಜ್‌ನಲ್ಲಿ ಅದಕ್ಕೆ ಯಾವ ಕೆಲಸ?

ತಮಾಷೆಯೆಂದರೆ, ಹೊಗಳುವವರ ಬಾಯಿಗೆ ಇಲ್ಲಿ ಆ ಡಾಲ್ಡಾ ಸಿಗುವುದೇ ಇಲ್ಲ. ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆಯನ್ನು ಆಹಾರದಲ್ಲಿ ಬಳಸುವುದನ್ನು ಕೆನಡಾ 2018ರ ಸೆಪ್ಟೆಂಬರ್ 17ರಿಂದ ನಿಷೇಧಿಸಿದೆ. ಭಾರತವೂ 2022ರಲ್ಲಿ ಎಣ್ಣೆ, ಕೊಬ್ಬುಗಳ ಟ್ರಾನ್ಸ್ ಮಿತಿಯನ್ನು ನೂರಕ್ಕೆ 2ಕ್ಕೆ ಇಳಿಸಿತು. ಈಗ ವನಸ್ಪತಿಯೆಂದು ಡಬ್ಬಿಯಲ್ಲಿ ಬರುವುದು ಬಹುಪಾಲು ತಾಳೆಎಣ್ಣೆಯ ಮಿಶ್ರಣ. ಅದರಲ್ಲಿ ಮಾಡಿದ್ದನ್ನು ಕಚ್ಚಿ, ‘ಆಹಾ, ಅದೇ ರುಚಿ’ ಎನ್ನುವವರು ಯಾವ ರುಚಿಯನ್ನು ಮೆಚ್ಚುತ್ತಿದ್ದಾರೆ?

ಎದುರು ಪಕ್ಷದವರ ಜೊತೆಗೂ ನನ್ನ ಜಗಳವಿದೆ, ಅದು ಇನ್ನೂ ದೊಡ್ಡದು. ವಾಟ್ಸಾಪ್ ವೈದ್ಯರು ವನಸ್ಪತಿ ಪ್ಲಾಸ್ಟಿಕ್ಕಿಗೆ ಒಂದೇ ಅಣು ದೂರ ಎನ್ನುತ್ತಾರೆ. ಅರ್ಥವಿಲ್ಲದ ಮಾತು. ದೋಷ ಜಲಜನಕದ್ದಲ್ಲ, ಅರ್ಧಕ್ಕೆ ನಿಂತ ಕೆಲಸದ್ದು. ಪೂರ್ತಿ ಹೈಡ್ರೋಜನೀಕರಿಸಿದ ಎಣ್ಣೆಯಲ್ಲಿ ಟ್ರಾನ್ಸ್ ಹೆಚ್ಚುಕಡಿಮೆ ಉಳಿಯುವುದಿಲ್ಲ, ಕೆನಡಾದ ನಿಷೇಧ ಅದನ್ನು ಮುಟ್ಟಿಯೂ ಇಲ್ಲ. ಇಲ್ಲಿಯ ಎಷ್ಟೋ ಪೀನಟ್ ಬಟರ್ ಬಾಟಲಿಗಳ ಮೇಲೆ ಅದರ ಹೆಸರು ಇಂದಿಗೂ ಇದೆ. ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು ಮೆನ್ಸಿಂಕ್ ಮತ್ತು ಕಟಾನ್ ನೆದರ್ಲೆಂಡ್ಸ್‌ನಲ್ಲಿ 1990ರಲ್ಲಿ ತೋರಿಸಿದರು. ತೊಂಬತ್ತರ ದಶಕದ ನಡುವಿನಲ್ಲಿ ಕೆನಡಾದವರು ದಿನಕ್ಕೆ ಸರಾಸರಿ 8.4 ಗ್ರಾಂ ಟ್ರಾನ್ಸ್ ಕೊಬ್ಬು ತಿನ್ನುತ್ತಿದ್ದರೆಂದು ಸರ್ಕಾರದ ಅಂದಾಜು. ಇಷ್ಟು ಗಟ್ಟಿ ಸಾಕ್ಷ್ಯ ಕೈಯಲ್ಲಿರುವಾಗ ಪ್ಲಾಸ್ಟಿಕ್ಕಿನ ಪುರಾಣ ಯಾಕೆ? ಸುಳ್ಳು ಆರೋಪ ಬಿದ್ದುಹೋದಾಗ ಆರೋಪಿ ನಿರಪರಾಧಿಯಾಗಿ ಹೊರಬರುತ್ತಾನೆ. ಡಾಲ್ಡಾದ ಮರ್ಯಾದೆ ಉಳಿದಿರುವುದು ಅರ್ಧ ಇವರಿಂದಲೇ.

ಶುದ್ಧ ತುಪ್ಪದ ಪಕ್ಷವೂ ಸಾಚಾ ಅಲ್ಲ. ಗಾಂಧೀಜಿ ವನಸ್ಪತಿಯನ್ನು ವಿರೋಧಿಸಿದರು, ಠಾಕೂರ್ ದಾಸ್ ಭಾರ್ಗವ ಸಂಸತ್ತಿನಲ್ಲಿ ಅದರ ನಿಷೇಧಕ್ಕೆ ಮಸೂದೆ ತಂದರು. ಆ ಕಾಲದ ಜಗಳದಲ್ಲಿ ಹೃದಯದ ಆರೋಗ್ಯಕ್ಕಿಂತ ತುಪ್ಪದ ಕಲಬೆರಕೆಯದೇ ದೊಡ್ಡ ಗದ್ದಲ. ವನಸ್ಪತಿಗೆ ಬಣ್ಣ ಹಾಕಿ ಎಂದರು. ಕೊನೆಗೆ ನೂರಕ್ಕೆ ಐದು ಪಾಲು ಎಳ್ಳೆಣ್ಣೆ ಬೆರೆಸುವುದು ಕಡ್ಡಾಯವಾಯಿತು, ಪರೀಕ್ಷೆಯಲ್ಲಿ ಕೆಂಪಾಗಿ ಕಲಬೆರಕೆ ಸಿಕ್ಕಿಬೀಳಲೆಂದು. ಕೆನಡಾದ ಹೈನುಗಾರರ ಕಥೆಯೂ ಇದೇ: 1886ರಲ್ಲಿ ಮಾರ್ಗರಿನ್ ನಿಷೇಧ, ಮೊದಲ ಮಹಾಯುದ್ಧದ ಕಾಲದಲ್ಲಿ ತುಸು ಸಡಿಲ, 1948ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಬೆಣ್ಣೆಯ ಹಳದಿ ಬಣ್ಣವನ್ನು ಮಾರ್ಗರಿನ್‌ಗೆ ಹಾಕಬಾರದೆಂಬ ನಿಯಮ ಒಂಟಾರಿಯೊದಲ್ಲಿ 1995ರವರೆಗೂ, ಕ್ವಿಬೆಕ್‌ನಲ್ಲಿ 2008ರವರೆಗೂ ಉಳಿಯಿತು. ಎರಡೂ ದೇಶಗಳಲ್ಲಿ ಹಾಲಿನ ವ್ಯಾಪಾರ ಆರೋಗ್ಯದ ವೇಷ ತೊಟ್ಟಿತ್ತು. ತುಪ್ಪದಲ್ಲಿ ನೂರಕ್ಕೆ ಅರವತ್ತರಷ್ಟು ಸ್ಯಾಚುರೇಟೆಡ್ ಕೊಬ್ಬಿದೆ, ಹಸುವಿನ ಹೊಟ್ಟೆಯಲ್ಲೇ ಹುಟ್ಟಿದ ಒಂದಿಷ್ಟು ಟ್ರಾನ್ಸ್ ಕೂಡ ಇದೆ. ನಾನು ತುಪ್ಪದ ಪರವಾಗಿರುವುದು ರುಚಿಗೆ, ಆಯುಷ್ಯಕ್ಕಲ್ಲ.

ವನಸ್ಪತಿಗೆ ಸಲ್ಲಬೇಕಾದ ಒಂದು ಗುಣವಿದೆ, ಸಲ್ಲಿಸಿಬಿಡುತ್ತೇನೆ: ಜಲಜನಕ ಹಿಡಿಯದೆ ಉಳಿದ ದ್ವಿಬಂಧಗಳು ಕಡಿಮೆಯಾದ್ದರಿಂದ ಅದು ಬೇಗ ಕಮಟುವುದಿಲ್ಲ, ಕರಿಯುವ ಬಿಸಿಯನ್ನು ತಡೆದುಕೊಳ್ಳುತ್ತದೆ. ಆದರೆ ಅದನ್ನು ಬಳಸುವ ಕ್ರಮದ ಬಗ್ಗೆ ಹೊಗಳುಭಟ್ಟರು ಚಕಾರ ಎತ್ತುವುದಿಲ್ಲ. ಚಳಿಯಲ್ಲಿ ಕಲ್ಲಾದ ಗಡ್ಡೆಯನ್ನು ಜೋರು ಉರಿಗೆ ಇಟ್ಟರೆ ಮೇಲ್ಭಾಗ ಕರಗುವ ಮುನ್ನ ತಳ ಹೊಗೆಯಾಡುತ್ತದೆ. ಸಣ್ಣ ಉರಿಯಲ್ಲೇ ಕರಗಿಸಬೇಕು. ಬಳಸಿದ್ದನ್ನು ಸಿಂಕಿಗೆ ಸುರಿದರೆ ತಣ್ಣನೆಯ ಕೊಳವೆಯಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ಗ್ಯಾರೇಜಿನಲ್ಲಿ ಕರಿಯಲು ಹೊರಟವರು ಬಾಗಿಲು ತೆರೆದಿದ್ದರೂ ಒಳಗೆ ಪ್ರೊಪೇನ್ ಒಲೆ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್ ವಾಸನೆ ಕೊಟ್ಟು ಬರುವುದಿಲ್ಲ. ಬಾಣಲೆಗೆ ಬೆಂಕಿ ಹತ್ತಿದರೆ ನೀರು ಎರಚಲೇಬಾರದು: ನೀರು ಆವಿಯಾಗಿ ಸಾವಿರದ ಆರುನೂರು ಪಟ್ಟು ಹಿಗ್ಗಿ ಉರಿಯುವ ಜಿಡ್ಡನ್ನು ಮರದ ಮನೆಯ ಸೂರಿಗೆ ಚಿಮ್ಮಿಸುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ, ತಣಿಯುವವರೆಗೂ ತೆಗೆಯಬೇಡಿ.

ಕರಿಯಲು ಕನೋಲಾ ಎಣ್ಣೆ ಇದೆ, ಇದೇ ದೇಶದ ಬೆಳೆ. ಮೈಸೂರುಪಾಕಕ್ಕೆ ತುಪ್ಪ ಇದೆ. ಚೆನ್ನಾಗಿ ಕಾಯಿಸಿ, ಕೈಬಿಚ್ಚಿ ಸುರಿಯಿರಿ, ಚಿಕ್ಕ ತುಂಡು ತಿನ್ನಿ. ವನಸ್ಪತಿಯ ಡಬ್ಬಿಗೆ ವುಡ್‌ಬ್ರಿಡ್ಜ್‌ನ ಅಡಿಗೆಮನೆಯಲ್ಲಿ ಮಾಡಲು ಯಾವ ಕೆಲಸವೂ ಉಳಿದಿಲ್ಲ.