ಹಿಂದಿರುಗಿ ಬರುವ ಕರುಣೆ: ‘ಹೋಟೆಲ್ ರುವಾಂಡ’ ಚಿತ್ರದ ಕುರಿತು ಒಂದು ಚಿಂತನೆ

ಒಂದು ದೃಶ್ಯವನ್ನು ನಿಮ್ಮ ಮುಂದಿಡುತ್ತೇನೆ. ಧಾರಾಕಾರವಾಗಿ ಮಳೆ ಸುರಿಯುತ್ತಿದೆ. ದೊಡ್ಡ ಹೋಟೆಲೊಂದರ ಮುಂದೆ ಬಸ್ಸುಗಳು ಸಾಲಾಗಿ ನಿಂತಿವೆ. ಬಿಳಿಯ ಅತಿಥಿಗಳೂ ಪತ್ರಕರ್ತರೂ ಒಬ್ಬೊಬ್ಬರಾಗಿ ಬಸ್ಸನ್ನೇರುತ್ತಿದ್ದಾರೆ. ಅವರು ನೆನೆಯದಂತೆ ಹೋಟೆಲಿನ ನೌಕರನೊಬ್ಬ ಕೊಡೆ ಹಿಡಿಯುತ್ತಾನೆ. ಕೊಡೆಯ ಕೆಳಗೆ ನಡೆಯಬೇಕಾದ ಪತ್ರಕರ್ತನು ನಾಚಿಕೆಯಿಂದ ಕುಗ್ಗಿ, ಬೇಡವೆನ್ನುತ್ತಾನೆ. ಅಷ್ಟರಲ್ಲಿ ಧರ್ಮಗುರುಗಳೊಬ್ಬರು, ಕೆಲವು ಕನ್ಯಾಸ್ತ್ರೀಯರು ಪುಟ್ಟ ಮಕ್ಕಳ ಗುಂಪೊಂದನ್ನು ಕರೆದುಕೊಂಡು ಓಡೋಡಿ ಬರುತ್ತಾರೆ. ಬಸ್ಸು ವಿದೇಶಿಯರಿಗೆ ಮಾತ್ರವೆಂದು ಸೈನಿಕರು ಮಕ್ಕಳನ್ನು ಬೇರ್ಪಡಿಸುತ್ತಾರೆ. ಬಸ್ಸುಗಳು ಹೊರಡುತ್ತವೆ. ಉಳಿದವರು ಮಳೆಯಲ್ಲಿ ನಿಂತು ನೋಡುತ್ತಾರೆ.

ಇದು 2004ರಲ್ಲಿ ತೆರೆಕಂಡ ‘ಹೋಟೆಲ್ ರುವಾಂಡ’ ಚಿತ್ರದ ದೃಶ್ಯ. ನಿರ್ದೇಶಕರು ಟೆರಿ ಜಾರ್ಜ್. ಹೋಟೆಲಿನ ವ್ಯವಸ್ಥಾಪಕ ಪೌಲ್ ರುಸೆಸಬಗಿನ ಅವರ ಪಾತ್ರವನ್ನು ಡಾನ್ ಚೀಡಲ್ ನಿರ್ವಹಿಸಿದ್ದಾರೆ. ಎರಡು ದಶಕಗಳು ಕಳೆದ ಚಿತ್ರದ ಮಾತು ಈಗೇಕೆ ಎಂದು ನೀವು ಕೇಳಬಹುದು. ದೂರದ ದೇಶಗಳ ಯುದ್ಧಗಳು ಇಂದು ನಮ್ಮ ಊಟದ ಹೊತ್ತಿಗೆ ಮನೆಯೊಳಗೆ ಬರುತ್ತವೆ. ನಾವು ನಿಟ್ಟುಸಿರು ಬಿಡುತ್ತೇವೆ. ಭಾನುವಾರದ ಬಲಿಪೂಜೆಯಲ್ಲಿ ಆ ಜನರಿಗಾಗಿ ಪ್ರಾರ್ಥಿಸುತ್ತೇವೆ. ವಿಶೇಷ ಕಾಣಿಕೆ ಎತ್ತಿದರೆ ಕೈಲಾದಷ್ಟು ಹಾಕುತ್ತೇವೆ. ಇಷ್ಟರಿಂದ ನಮ್ಮ ಕರ್ತವ್ಯ ಮುಗಿಯಿತೇ? ಈ ಚಿತ್ರ ಕೇಳುವುದು ಇದೇ ಪ್ರಶ್ನೆಯನ್ನು. ಅದು ಕೊಡುವ ಉತ್ತರ ಮಾತ್ರ ಅರ್ಧದಲ್ಲಿ ನಿಂತುಬಿಟ್ಟಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಹಿನ್ನೆಲೆಯನ್ನು ನೆನಪಿಸಿಕೊಳ್ಳೋಣ. ರುವಾಂಡ ಮಧ್ಯ ಆಫ್ರಿಕದ ಪುಟ್ಟ ಬೆಟ್ಟಗಾಡಿನ ದೇಶ. ಅಲ್ಲಿನ ಜನರಲ್ಲಿ ಬಹುಪಾಲು ಕ್ರೈಸ್ತರು. 1994ರ ಏಪ್ರಿಲ್ 3ರಂದು ಅಲ್ಲಿನ ದೇವಾಲಯಗಳಲ್ಲಿ ಪುನರುತ್ಥಾನದ ಹಬ್ಬ ನಡೆಯಿತು. ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನದಿಂದಲೇ ಟುಟ್ಸಿ ಜನಾಂಗದವರನ್ನೂ, ಹತ್ಯೆಗೆ ಒಪ್ಪದ ಹುಟುಗಳನ್ನೂ ಹುಡುಕಿ ಕೊಲ್ಲುವ ಕಾರ್ಯ ಆರಂಭವಾಯಿತು. ಸುಮಾರು ನೂರು ದಿನಗಳಲ್ಲಿ ಸತ್ತವರು 8,00,000ಕ್ಕೂ ಹೆಚ್ಚೆಂದು ಅಂದಾಜು. ಇದು ಹಠಾತ್ತಾಗಿ ಸಿಡಿದ ಕೋಪವಾಗಿರಲಿಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥ, ಕೆನಡಾದ ಜನರಲ್ ರೋಮಿಯೋ ಡಲೇರ್, ಶಸ್ತ್ರಾಸ್ತ್ರಗಳ ಸಂಗ್ರಹ ನಡೆಯುತ್ತಿದೆಯೆಂದು ಜನವರಿ 11ರಂದೇ ನ್ಯೂಯಾರ್ಕಿಗೆ ಎಚ್ಚರಿಕೆ ಕಳುಹಿಸಿದ್ದರು. ಹತ್ಯೆಗಳು ಆರಂಭವಾದ ದಿನವೇ ಬೆಲ್ಜಿಯಮಿನ ಹತ್ತು ಯೋಧರು ಬಲಿಯಾದರು. ಬೆಲ್ಜಿಯಂ ತನ್ನ ಪಡೆಯನ್ನು ಹಿಂತೆಗೆದುಕೊಂಡಿತು. ಸುಮಾರು 2,500ರಷ್ಟಿದ್ದ ಶಾಂತಿಪಾಲಕರ ಸಂಖ್ಯೆಯನ್ನು 270ಕ್ಕೆ ಇಳಿಸಲು ಭದ್ರತಾ ಮಂಡಳಿ ಏಪ್ರಿಲ್ 21ರಂದು ತೀರ್ಮಾನಿಸಿತು. ಆ ದಿನಗಳಲ್ಲಿ ಪತ್ರಿಕಾ ಲೋಕದ ಕಣ್ಣು ದಕ್ಷಿಣ ಆಫ್ರಿಕದ ಮೇಲಿತ್ತು. ನೆಲ್ಸನ್ ಮಂಡೇಲ ಅವರನ್ನು ಅಧಿಕಾರಕ್ಕೆ ತಂದ ಚುನಾವಣೆಯ ಸಂಭ್ರಮದಲ್ಲಿ ಅದೇ ಖಂಡದ ಇನ್ನೊಂದು ಮೂಲೆಯ ಆಕ್ರಂದನ ಕೇಳಿಸಲಿಲ್ಲ.

ಇಂಥ ಘೋರವನ್ನು ತೆರೆಗೆ ತರುವುದು ಸುಲಭವಲ್ಲ. ಟೆರಿ ಜಾರ್ಜ್ ಅವರ ಸಂಯಮವನ್ನು ಮೆಚ್ಚಲೇಬೇಕು. ಚಿತ್ರ ಕತ್ತಲೆಯಲ್ಲಿ, ಬಾನುಲಿಯ ಒಂದು ದನಿಯಿಂದ ಆರಂಭವಾಗುತ್ತದೆ. ನೆರೆಯವರನ್ನು ಜಿರಳೆಗಳೆಂದು ಕರೆದ ದನಿ ಅದು. ಕೊಲೆಗೆ ಮೊದಲು ಮಾತು ಕೆಡುತ್ತದೆ ಎಂಬ ಸತ್ಯವನ್ನು ನಾವು ಒಂದು ಹನಿ ರಕ್ತ ಕಾಣುವ ಮೊದಲೇ ಕೇಳಿರುತ್ತೇವೆ. ಮುಂದೊಮ್ಮೆ ಪೌಲ್ ಮುಂಜಾನೆಯ ಮಂಜಿನಲ್ಲಿ ನದಿಯ ದಾರಿಯಲ್ಲಿ ಬರುವಾಗ ವಾಹನ ಕುಲುಕತೊಡಗುತ್ತದೆ. ದಾರಿ ತಪ್ಪಿತೆಂದು ಆತ ಕೆಳಗಿಳಿಯುತ್ತಾನೆ. ಮಂಜು ಸರಿದಾಗ ವಾಹನ ಹಾಯುತ್ತಿದ್ದುದು ಹೆಣಗಳ ಮೇಲೆಂದು ತಿಳಿಯುತ್ತದೆ. ಚಿತ್ರ ಇದಕ್ಕಿಂತ ಹೆಚ್ಚು ತೋರಿಸಲು ಹೋಗುವುದಿಲ್ಲ. ಪ್ರಾಯಕ್ಕೆ ಬಂದ ಮಕ್ಕಳೊಡನೆ ಕುಟುಂಬವಾಗಿ ಕುಳಿತು ನೋಡಬಹುದಾದ ಚಿತ್ರವಿದು.

ಆತಿಥ್ಯವೆಂಬ ಸಾಮಾನ್ಯ ಗುಣವನ್ನೇ ಚಿತ್ರ ಎತ್ತಿಹಿಡಿಯುವುದೂ ಗಮನಾರ್ಹ. ಪೌಲ್ ಆರಂಭದಲ್ಲಿ ಸಂತನಲ್ಲ. ದೊಡ್ಡವರಿಗೆ ಒಳ್ಳೆಯ ಮದ್ಯ, ಸಿಗಾರು ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಜಾಣ. ಅದೇ ಜಾಣತನ ಕಷ್ಟಕಾಲದಲ್ಲಿ ಜೀವಗಳನ್ನು ಉಳಿಸುತ್ತದೆ. ಕಿಗಾಲಿಯ ಮಿಲ್ ಕೊಲಿನ್ ಹೋಟೆಲಿನಲ್ಲಿ ಆಶ್ರಯ ಪಡೆದು ಬದುಕಿದವರು 1,200ಕ್ಕೂ ಹೆಚ್ಚು. ಶ್ರೀಮಂತರ ವಿಹಾರಕ್ಕಿದ್ದ ಈಜುಕೊಳವೇ ಅವರಿಗೆ ಕುಡಿಯುವ ನೀರಾಯಿತು. ಹೊರದೇಶಗಳಲ್ಲಿರುವ ಪ್ರಭಾವಿಗಳಿಗೆ ದೂರವಾಣಿ ಮಾಡಿ, ವಿದಾಯ ಹೇಳಿ, ಅವರನ್ನು ನಾಚಿಸಬೇಕೆಂದು ಪೌಲ್ ಆಶ್ರಿತರಿಗೆ ಹೇಳುವ ದೃಶ್ಯವಂತೂ ಮನಮುಟ್ಟುವಂಥದು. ನಾವು ನೋಡುತ್ತಿದ್ದೇವೆ ಎಂಬ ಅರಿವು ಕೊಲೆಗಾರನ ಕೈಯನ್ನು ಕ್ಷಣಕಾಲವಾದರೂ ತಡೆಯಬಲ್ಲದು.

ಇಷ್ಟು ಹೇಳಿದ ಮೇಲೆ ಚಿತ್ರದ ಕೊರತೆಗಳ ಕಡೆಗೆ ಬರುತ್ತೇನೆ.

ಮೊದಲನೆಯದು, ಎಲ್ಲ ಒಳಿತನ್ನೂ ಒಬ್ಬನ ಹೆಗಲಿಗೆ ಹೊರಿಸಿರುವುದು. ಸೆನೆಗಲ್ ದೇಶದ ಕ್ಯಾಪ್ಟನ್ ಎಂಬಾಯೆ ಡಿಯಾನ್ ವಿಶ್ವಸಂಸ್ಥೆಯ ವೀಕ್ಷಕರಾಗಿ ಅದೇ ಹೋಟೆಲಿನಲ್ಲಿದ್ದರು. ತಮ್ಮ ವಾಹನದಲ್ಲಿ ಕೆಲವೇ ಜನರನ್ನು ಬಚ್ಚಿಟ್ಟುಕೊಂಡು, ಕೊಲೆಗಾರರ ಕಾವಲುಗಳನ್ನು ನಗುನಗುತ್ತಾ ಮಾತಾಡಿ, ಸಿಗರೇಟು ಹಂಚಿ ದಾಟುತ್ತಾ, ನೂರಾರು ಜನರನ್ನು ಉಳಿಸಿದರು. 1994ರ ಮೇ 31ರಂದು ಶೆಲ್ ದಾಳಿಯಲ್ಲಿ ಮಡಿದರು. ಅಸಾಧಾರಣ ಧೈರ್ಯಕ್ಕಾಗಿ ವಿಶ್ವಸಂಸ್ಥೆ 2014ರಲ್ಲಿ ಸ್ಥಾಪಿಸಿದ ಪದಕಕ್ಕೆ ಅವರದೇ ಹೆಸರಿದೆ. ಚಿತ್ರದಲ್ಲಿ ಅವರ ಹೆಸರಿಲ್ಲ. ಜನರಲ್ ಡಲೇರ್ ಅವರೂ ಬೇರೆ ಹೆಸರಿನ ಕರ್ನಲ್ ಆಗಿ, ಅಸಹಾಯಕ ಸಿಟ್ಟಿನ ಪಾತ್ರವಾಗಿಬಿಟ್ಟಿದ್ದಾರೆ. ರೆಡ್‌ಕ್ರಾಸ್ ಸಂಸ್ಥೆ ಒಬ್ಬ ಮಹಿಳೆಯ ಧೈರ್ಯವಾಗಿ ಮಾತ್ರ ಕಾಣಿಸುತ್ತದೆ. ನಿಜದಲ್ಲಿ ಫಿಲಿಪ್ ಗಯಾರ್ ಅವರ ನೇತೃತ್ವದಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸಿನ ತಂಡ ನೂರು ದಿನವೂ ಕಿಗಾಲಿಯನ್ನು ಬಿಡದೆ ಆಸ್ಪತ್ರೆ ನಡೆಸಿತು. ಏಪ್ರಿಲ್ ಮಧ್ಯದಲ್ಲಿ ಗಾಯಾಳುಗಳನ್ನು ಆಂಬುಲೆನ್ಸಿನಿಂದಲೇ ಎಳೆದು ಕೊಂದಾಗ, ಸಾಮಾನ್ಯವಾಗಿ ಮೌನ ಕಾಯುವ ಆ ಸಂಸ್ಥೆ ಲೋಕಕ್ಕೆ ಕೇಳುವಂತೆ ಮಾತಾಡಿತು. ಆ ಬಳಿಕ ಆಂಬುಲೆನ್ಸುಗಳಿಗೆ ಮತ್ತೆ ದಾರಿ ಸಿಕ್ಕಿತು. ಮದ್ದು ಹಚ್ಚುವುದರಂತೆ ಸತ್ಯ ನುಡಿಯುವುದೂ ಸೇವೆಯೇ ಎಂಬ ಈ ಪಾಠವನ್ನು ಚಿತ್ರ ಕೈಬಿಟ್ಟಿದೆ.

ಒಬ್ಬನನ್ನೇ ನಾಯಕನನ್ನಾಗಿಸುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಹೋಟೆಲಿನಲ್ಲಿ ಬದುಕುಳಿದವರಲ್ಲೇ ಹಲವರು ಚಿತ್ರದ ಚಿತ್ರಣವನ್ನು ಒಪ್ಪಲಿಲ್ಲ. ರುವಾಂಡ ಸರ್ಕಾರದ ಕಟು ಟೀಕಾಕಾರರಾದ ರುಸೆಸಬಗಿನ ಅವರನ್ನು 2020ರಲ್ಲಿ ಬಂಧಿಸಲಾಯಿತು. ಭಯೋತ್ಪಾದನೆಯ ಆರೋಪದ ಮೇಲೆ 2021ರಲ್ಲಿ ಅವರಿಗೆ 25 ವರ್ಷಗಳ ಶಿಕ್ಷೆಯಾಯಿತು. ಆ ವಿಚಾರಣೆ ನ್ಯಾಯಬದ್ಧವಾಗಿರಲಿಲ್ಲವೆಂದು ಮಾನವ ಹಕ್ಕುಗಳ ಸಂಘಟನೆಗಳು ಆಕ್ಷೇಪಿಸಿದವು. 2023ರಲ್ಲಿ ಬಿಡುಗಡೆಯಾಯಿತು. ಇದರ ಸರಿತಪ್ಪುಗಳ ತೀರ್ಪು ನಮ್ಮದಲ್ಲ. ಆದರೆ ನಮ್ಮ ಕರುಣೆ ಒಬ್ಬ ನಾಯಕನ ಮೇಲಿನ ಅಭಿಮಾನವನ್ನು ಆತುಕೊಂಡಿದ್ದರೆ, ಆತನ ಹೆಸರಿಗೆ ಮಸುಕು ಕವಿದ ದಿನ ಆ ಕರುಣೆಯೂ ಕುಸಿಯುತ್ತದೆ.

ಎರಡನೆಯ ಕೊರತೆ ನಮಗೆ ಇನ್ನೂ ಹತ್ತಿರದ್ದು. ಹೋಟೆಲಿಗೆ ಬರುವ ಧರ್ಮಗುರು, ಕನ್ಯಾಸ್ತ್ರೀಯರು ಮಕ್ಕಳ ರಕ್ಷಕರಾಗಿಯೇ ಕಾಣುತ್ತಾರೆ. ಅಂಥವರು ಇದ್ದರು, ನಿಜ. ಗಿಸೆನ್ಯಿ ಪಟ್ಟಣದಲ್ಲಿ ಫೆಲಿಸಿತೆ ನಿಯಿತೆಗೆಕ ಎಂಬ ಸೇವಾಸಮರ್ಪಿತ ಮಹಿಳೆ, ತಾವು ಹುಟು ಆಗಿದ್ದರೂ, ಟುಟ್ಸಿಗಳಿಗೆ ಆಶ್ರಯ ಕೊಟ್ಟರು. ಸೈನ್ಯಾಧಿಕಾರಿಯಾಗಿದ್ದ ಸ್ವಂತ ಸೋದರ ಅಲ್ಲಿಂದ ಹೊರಡುವಂತೆ ಹೇಳಿಕಳುಹಿಸಿದರೂ ಆಶ್ರಿತರನ್ನು ಬಿಟ್ಟು ಕದಲಲಿಲ್ಲ. ಏಪ್ರಿಲ್ 21ರಂದು ಅವರೊಡನೆಯೇ ಪ್ರಾಣ ಕೊಟ್ಟರು. ಆದರೆ ಅದೇ ತಿಂಗಳು ನ್ಯಾಂಗೆ ಎಂಬಲ್ಲಿ, ಆಶ್ರಯ ಬೇಡಿ ಬಂದ 1,500ಕ್ಕೂ ಹೆಚ್ಚು ಜನರಿದ್ದ ದೇವಾಲಯವನ್ನು ಬುಲ್ಡೋಜರಿನಿಂದ ಕೆಡವಲಾಯಿತು. ಆ ಅಪರಾಧಕ್ಕಾಗಿ ಅಲ್ಲಿನ ಗುರು ಅತನಾಸ್ ಸೆರೊಂಬ ಅವರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2006ರಲ್ಲಿ ಶಿಕ್ಷೆ ವಿಧಿಸಿ, 2008ರ ಮೇಲ್ಮನವಿಯಲ್ಲಿ ಅದನ್ನು ಜೀವಾವಧಿಗೆ ಏರಿಸಿತು. ಎನ್ತರಾಮ, ನ್ಯಾಮಾತಗಳ ದೇವಾಲಯಗಳು ಇಂದು ಸ್ಮಾರಕಗಳಾಗಿವೆ. ಧರ್ಮಸಭೆಯ ಹಾಗೂ ಅದರ ಸದಸ್ಯರ ಪಾಪಗಳಿಗಾಗಿ, ವೈಫಲ್ಯಗಳಿಗಾಗಿ ಪೋಪ್ ಫ್ರಾನ್ಸಿಸ್‌ರವರು 2017ರ ಮಾರ್ಚ್‌ನಲ್ಲಿ ದೇವರ ಕ್ಷಮೆ ಬೇಡಿದರು. ಚಿತ್ರ ಈ ಪ್ರಸಂಗಗಳನ್ನು ಮುಟ್ಟದಿರುವುದು ಕ್ರೈಸ್ತ ಪ್ರೇಕ್ಷಕನಿಗೆ ಮಾಡಿದ ಉಪಕಾರವೆಂದು ನಾನು ಭಾವಿಸಲಾರೆ. ಒಂದೇ ಪೀಠದ ಮುಂದೆ ಮೊಣಕಾಲೂರಿದವರು ನಾಲ್ಕು ದಿನಗಳಲ್ಲಿ ಹೇಗೆ ಬದಲಾದರು ಎಂಬ ಪ್ರಶ್ನೆಯನ್ನು ನಾವಾಗಿಯೇ ಎದುರಿಸಬೇಕು.

ಮೂರನೆಯದು ಚಿತ್ರದ ಮುಕ್ತಾಯ. ಪೌಲ್ ಮತ್ತವನ ಮಡದಿ ನಿರಾಶ್ರಿತರ ಶಿಬಿರವೊಂದರಲ್ಲಿ ಕಳೆದುಹೋಗಿದ್ದ ಮಕ್ಕಳನ್ನು ಕಂಡು ಅಪ್ಪಿಕೊಳ್ಳುತ್ತಾರೆ. ನಮ್ಮ ಕಣ್ಣು ಒದ್ದೆಯಾಗುತ್ತದೆ, ಎದೆ ಹಗುರವಾಗುತ್ತದೆ. ಇತಿಹಾಸ ಅಲ್ಲಿಗೆ ಮುಗಿಯಲಿಲ್ಲ. ಜುಲೈ ತಿಂಗಳಲ್ಲಿ ಹತ್ಯೆ ನಡೆಸಿದ ಸರ್ಕಾರ ಸೋತಾಗ, ಕೆಲವೇ ದಿನಗಳಲ್ಲಿ ಹತ್ತು ಲಕ್ಷದಷ್ಟು ಹುಟುಗಳು ಗಡಿ ದಾಟಿ, ಆಗ ಜಾಯಿರ್ ಎಂದು ಕರೆಯುತ್ತಿದ್ದ ದೇಶದ ಗೋಮ ಪಟ್ಟಣಕ್ಕೆ ಹರಿದುಬಂದರು. ಅಲ್ಲಿ ಕಾಲರಾ ಹಬ್ಬಿ ಹತ್ತಾರು ಸಾವಿರ ಜನ ಸತ್ತರು. ಆಗ ಲೋಕದ ದೂರದರ್ಶನಗಳು ಎಚ್ಚೆತ್ತವು. ಹಣ, ವಿಮಾನ, ವೈದ್ಯರು, ಧಾನ್ಯ ಎಲ್ಲವೂ ಬಂದವು. ನರಮೇಧಕ್ಕೆ ಕರಗದ ಲೋಕ ಕಾಲರಾಕ್ಕೆ ಕರಗಿತು.

ಆದರೆ ಆ ಜನಸಾಗರದ ನಡುವೆ ಕೊಲೆಗಾರರೂ ಇದ್ದರು. ಹಳೆಯ ಸೈನ್ಯದ ಅಧಿಕಾರಿಗಳೂ ಗ್ರಾಮಾಧಿಕಾರಿಗಳೂ ಶಿಬಿರಗಳ ಯಜಮಾನರಾದರು. ಧಾನ್ಯ ಹಂಚಿಕೆಯ ಪಟ್ಟಿ ಅವರ ಕೈಯಲ್ಲಿತ್ತು. ತಲೆಯೆಣಿಕೆಯನ್ನು ಹೆಚ್ಚಿಸಿ ತೋರಿಸಿ, ಉಳಿದುದನ್ನು ಮಾರಿ ಬಲ ಕೂಡಿಸಿಕೊಂಡರು. ಊರಿಗೆ ಮರಳಬಯಸಿದವರನ್ನು ಬೆದರಿಸಿದರು, ಕೊಂದರು. ಈ ಸ್ಥಿತಿಯಲ್ಲಿ ತಮ್ಮ ನೆರವೇ ಕೊಲೆಗಾರರಿಗೆ ಆಧಾರವಾಗುತ್ತಿದೆಯೆಂದು ‘ಗಡಿರಹಿತ ವೈದ್ಯರು’ ಸಂಸ್ಥೆಯ ಫ್ರೆಂಚ್ ವಿಭಾಗ 1994ರ ನವೆಂಬರಿನಲ್ಲಿ ಶಿಬಿರಗಳಿಂದ ಹೊರನಡೆಯಿತು. ಅದೇ ಸಂಸ್ಥೆಯ ಬೆಲ್ಜಿಯಂ, ಹಾಲೆಂಡ್ ವಿಭಾಗಗಳು ಆಗ ಉಳಿದುಕೊಂಡವು. ಶಿಬಿರದಲ್ಲಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. ಅವರ ಹಸಿವಿಗೆ ಯಾರು ಹೊಣೆ? ಕೊಲೆಗಾರನ ಮಗುವೂ ಮಗುವೇ. ಹೊರಟವರನ್ನು ಕಠೋರರೆಂದಾಗಲಿ ಉಳಿದವರನ್ನು ಮುಗ್ಧರೆಂದಾಗಲಿ ನಾನು ಹೇಳಲಾರೆ. ಇಬ್ಬರೂ ತಮ್ಮ ಕೈಯ ಅನ್ನ ಎಲ್ಲಿಗೆ ಹೋಗುತ್ತಿದೆಯೆಂದು ಕಣ್ತೆರೆದು ನೋಡಿದರು, ನೊಂದರು. ದೂರದಲ್ಲಿ ಕುಳಿತು ಕೊಟ್ಟ ನಾವು ಹಾಗೆ ನೋಡಲಿಲ್ಲ.

ಓದುಗರೇ, ಲೂಕನ ಶುಭಸಂದೇಶದಲ್ಲಿ ಬರುವ ದಯಾಳು ಸಮಾರಿಯದವನ ಸಾಮತಿ ನಿಮಗೆಲ್ಲ ತಿಳಿದದ್ದೇ. ಅಲ್ಲಿಯೂ ಒಂದು ಛತ್ರವಿದೆ. ಗಾಯಾಳುವಿಗೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಪಟ್ಟಿ ಕಟ್ಟಿದ್ದನ್ನು ನಾವು ಸದಾ ನೆನೆಯುತ್ತೇವೆ. ಛತ್ರದವನಿಗೆ ಕೊಟ್ಟ ಎರಡು ನಾಣ್ಯಗಳನ್ನೂ ನೆನೆಯುತ್ತೇವೆ. ಹೊರಡುವಾಗ ಅವನಾಡಿದ ಮಾತನ್ನು ಮಾತ್ರ ಮರೆಯುತ್ತೇವೆ. ಮತ್ತೆ ಬರುತ್ತೇನೆ, ಹೆಚ್ಚು ಖರ್ಚಾದರೆ ಆಗ ತೀರಿಸುತ್ತೇನೆ ಎಂದನಲ್ಲವೇ? ಅವನ ಕರುಣೆಗೆ ಹಿಂದಿರುಗುವ ದಾರಿಯೂ ಇತ್ತು, ಲೆಕ್ಕವೂ ಇತ್ತು. ಛತ್ರದವನು ಗಾಯಾಳುವನ್ನು ನೋಡಿಕೊಂಡನೋ ಬೀದಿಗೆ ತಳ್ಳಿದನೋ ಎಂದು ಅವನು ಬಂದು ಕೇಳುವವನಿದ್ದ. ‘ಹೋಟೆಲ್ ರುವಾಂಡ’ ನಮ್ಮನ್ನು ಗಾಯಾಳುವಿನ ಬಳಿಗೆ ಕರೆದೊಯ್ಯುತ್ತದೆ, ಛತ್ರದ ಬಾಗಿಲವರೆಗೂ ತಲುಪಿಸುತ್ತದೆ. ಮರಳಿ ಬಂದು ವಿಚಾರಿಸುವ ಹೊಣೆಯನ್ನು ಮಾತ್ರ ನೆನಪಿಸುವುದಿಲ್ಲ.

ಆದ್ದರಿಂದ ಈ ಚಿತ್ರವನ್ನು ನೋಡಬೇಡಿರೆಂದು ನಾನು ಹೇಳುವುದಿಲ್ಲ. ಅವಶ್ಯ ನೋಡಿರಿ, ಧರ್ಮಕೇಂದ್ರದ ಯುವಜನರಿಗೂ ತೋರಿಸಿರಿ. ಮುಗಿದ ಮೇಲೆ ದೀಪ ಹಚ್ಚಿ ಕೂಡಲೇ ಮನೆಗೆ ಹೊರಡದೆ ಅರ್ಧ ಗಂಟೆ ಕುಳಿತು ಮಾತಾಡಿರಿ. ನಾವು ದಿನವೂ ಯಾರನ್ನು ಯಾವ ಹೀನ ಹೆಸರಿನಿಂದ ಕರೆಯುತ್ತಿದ್ದೇವೆ? ಕಳೆದ ಬಾರಿ ದೂರದ ದೇಶವೊಂದಕ್ಕೆಂದು ಕಾಣಿಕೆ ಹಾಕಿದೆವಲ್ಲ, ಅದು ಯಾರ ಕೈ ಸೇರಿತೆಂದು ಒಮ್ಮೆಯಾದರೂ ಕೇಳಿದೆವೇ? ಆ ದೇಶದ ಹೆಸರು ಸುದ್ದಿಯಿಂದ ಮರೆಯಾದ ಮೇಲೆ ನಮ್ಮ ಪ್ರಾರ್ಥನೆಯಿಂದಲೂ ಮರೆಯಾಯಿತೇ? ಮಳೆಯಲ್ಲಿ ನಿಂತು ಬಸ್ಸು ಮರೆಯಾಗುವುದನ್ನು ನೋಡಿದ ಆ ಮಕ್ಕಳಿಗೆ ನಮ್ಮ ಕಣ್ಣೀರು ಆಗಲೂ ತಲುಪಲಿಲ್ಲ, ಈಗಲೂ ತಲುಪದು. ಇಂದು ಇನ್ನೊಂದು ನಾಡಿನಲ್ಲಿ ಹಾಗೆಯೇ ನಿಂತಿರುವ ಮಕ್ಕಳನ್ನು ನಾವು ಒಮ್ಮೆ ನೆನೆದು ಕೈತೊಳೆದುಕೊಳ್ಳದಿರಲಿ. ಸಮಾರಿಯದವನಂತೆ ಮತ್ತೆ ಹಿಂದಿರುಗಿ ವಿಚಾರಿಸುವ ಮನಸ್ಸನ್ನು ದೇವರು ನಮಗೆ ಕೊಡಲಿ.